ಮಗಳ ಜೊತೆ ಊರು ಬಿಡಬೇಕು, ಕೋರ್ಟ್ ಆದೇಶ ಅಡ್ಡ ಇದೆ. ಅನುಭವ ಇದ್ದವರು ಹೇಳಿ

ಪ್ರಶ್ನೆ, ಮಡಿಕೇರಿಯಿಂದ:
ಡಿವೋರ್ಸ್ ಆಗಿ ಎರಡು ವರ್ಷ. ಎಂಟು ವರ್ಷದ ಮಗಳು ನನ್ನ ಜೊತೆ ಇದ್ದಾಳೆ. ಅವಳಪ್ಪ ಸೋಮವಾರಪೇಟೆ ಕಡೆಯವರು, ತಿಂಗಳಿಗೆ ಎರಡು ಶನಿವಾರ ಬಂದು ಕರೆದುಕೊಂಡು ಹೋಗುತ್ತಾರೆ. ನನಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ಜೂನ್‌ಗೆ ಸೇರಬೇಕು. ಅನುಮತಿ ಇಲ್ಲದೆ ಮಗುವನ್ನು ಕೋರ್ಟಿನ ವ್ಯಾಪ್ತಿಯಿಂದ ಹೊರಗೆ ಕರೆದೊಯ್ಯಬಾರದು ಅಂತ ಆದೇಶದಲ್ಲಿದೆ. ಮೊದಲು ಹೋಗಿ, ಆಮೇಲೆ ಅರ್ಜಿ ಹಾಕಿದರೆ ಆಗುತ್ತಾ?

ಗೋಣಿಕೊಪ್ಪದವಳು, ಈಗ ಮೈಸೂರಲ್ಲಿ:
ಬೇಡ. ನಾನು ಹಾಗೆ ಹೋಗಿ ಕೈ ಸುಟ್ಟುಕೊಂಡವಳು. ಅಕ್ಕನ ಮನೆಯಲ್ಲಿ ಎರಡು ತಿಂಗಳು ಇದ್ದೆ ಅಷ್ಟೆ, ಅಷ್ಟರಲ್ಲಿ ಆದೇಶ ಮುರಿದಿದ್ದಾಳೆ ಅಂತ ಅರ್ಜಿ ಬಂತು, ಮಗನನ್ನು ಕರೆದುಕೊಂಡು ವಾಪಸ್ ಬರಬೇಕಾಯಿತು, ಜಡ್ಜ್ ಮುಂದೆ ನಿಂತಾಗ ನನ್ನ ಕೆಲಸದ ಬಗ್ಗೆ ಯಾರೂ ಕೇಳಲಿಲ್ಲ, ಕೇಳಿ ಹೋಗೋಕೆ ಏನಾಗಿತ್ತು ಅನ್ನೋದೇ ಪ್ರಶ್ನೆ.

ಎರಡನೇ ಸಲ ಬುದ್ಧಿ ಬಂದಿತ್ತು. ಕೆಲಸದ ಪತ್ರ, ಬಾಡಿಗೆ ಕರಾರು, ಹೊಸ ಶಾಲೆಯವರು ಸೀಟು ಇದೆ ಅಂತ ಕೊಟ್ಟ ಪತ್ರ ಎಲ್ಲ ಲಗತ್ತಿಸಿದೆವು. ಆದರೆ ಕೆಲಸ ಮಾಡಿದ್ದು ಅದಲ್ಲ. ಅವನಪ್ಪ ಇನ್ನು ಮುಂದೆ ಮಗನನ್ನು ಹೇಗೆ ಭೇಟಿ ಮಾಡಬಹುದು ಅಂತ ನಾನೇ ಬರೆದುಕೊಟ್ಟ ಒಂದು ಪುಟ. ನಮ್ಮ ಜಿಲ್ಲೆಗೆ ರೈಲು ಇಲ್ಲ, ಬಸ್ಸೇ ಗತಿ. ಸಂಜೆ ತಿತಿಮತಿ ಕಾಡಲ್ಲಿ ಆನೆ ಅಡ್ಡ ಬರುತ್ತೆ, ಮಗನನ್ನು ಆ ಹೊತ್ತಲ್ಲಿ ಕಳಿಸಲ್ಲ ಅಂತ ಅವರ ವಕೀಲರು ವಾದ ಮಾಡಿದರು. ಸರಿಯಾದ ಮಾತೇ ಅಲ್ವಾ? ಹಾಗಾಗಿ ಹುಣಸೂರು ಬಸ್ ನಿಲ್ದಾಣ, ಶನಿವಾರ ಬೆಳಗ್ಗೆ ಹತ್ತು ಗಂಟೆ ಅಂತ ಬರೆಸಿದೆವು. ಇವತ್ತಿಗೂ ಅದೇ ನಡೆಯುತ್ತಿದೆ.

ಇನ್ನೊಂದು, ಬೇಗ ಹಾಕಿ. ಬೇಸಿಗೆ ರಜೆಗೆ ಕೋರ್ಟ್ ಮುಚ್ಚಿದರೆ ನಿಮ್ಮ ಜೂನ್ ಹೋಯಿತು.

ಕೋರ್ಟ್ ಗುಮಾಸ್ತನಾಗಿದ್ದವನು, ವಿರಾಜಪೇಟೆ:
ಕಾನೂನು ಅಷ್ಟು ಗಟ್ಟಿ ಗೋಡೆ ಅಲ್ಲ. ಮಗುವಿನ ವಿಷಯದ ಆದೇಶ ಕೊನೇ ಮಾತಲ್ಲ, ಪರಿಸ್ಥಿತಿ ಬದಲಾದರೆ ಬದಲಿಸಬಹುದು ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್‌ನಲ್ಲೂ ಆ ದಾರಿ ಇದೆ. 2010ರಲ್ಲಿ ಒಬ್ಬ ತಾಯಿಗೆ ಮಗನನ್ನು ಆಸ್ಟ್ರೇಲಿಯಾಕ್ಕೇ ಕರೆದುಕೊಂಡು ಹೋಗಲು ಬಿಟ್ಟರು, ತಂದೆಯ ಭೇಟಿ ಹಕ್ಕು ಉಳಿಸಿಕೊಂಡು. ಆದೇಶ ಕೊಟ್ಟ ಕೋರ್ಟಲ್ಲೇ ಅರ್ಜಿ ಹಾಕಿ, ಬೆಂಗಳೂರಲ್ಲಿ ಅಲ್ಲ. ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ, 1987ರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ.

ಒಬ್ಬ ಅಪ್ಪ, ನಾಪೋಕ್ಲು:
ನಾನು ಆ ಕಡೆ ನಿಂತವನು. ನೋಟಿಸ್ ಬಂದ ದಿನ ಮಗಳು ಕೈ ಬಿಟ್ಟು ಹೋದಳು ಅಂತಲೇ ಅನ್ನಿಸಿತು, ಸಿಟ್ಟಲ್ಲಿ ಆಕ್ಷೇಪಣೆ ಹಾಕಿದೆ. ಅವಳ ತಾಯಿ ಮೊದಲೇ ಫೋನ್ ಮಾಡಿ ಹೇಳಿದ್ದರೆ ಆರು ತಿಂಗಳು ಉಳಿಯುತ್ತಿತ್ತು. ನೀವು ಹೇಳಿ, ಕೋರ್ಟಿನ ಕಾಗದಕ್ಕಿಂತ ಮುಂಚೆ.

ಕೊನೆಗೆ ಒಪ್ಪಿದೆವು. ಮಳೆಗಾಲದಲ್ಲಿ ಇಲ್ಲಿ ರಸ್ತೆಯೂ ಇಲ್ಲ ಕರೆಂಟೂ ಇಲ್ಲ, 2018ರ ಮಳೆ, ಭೂಕುಸಿತ ನೋಡಿದ ಮೇಲೆ ಆಗಸ್ಟಲ್ಲಿ ಮಗುವನ್ನು ಘಾಟಿ ಹತ್ತಿಸು ಅಂತ ಹಠ ಮಾಡೋಕೆ ನನಗೇ ಮನಸ್ಸಾಗಲಿಲ್ಲ. ಆ ಶನಿವಾರಗಳನ್ನು ಬಿಟ್ಟುಕೊಟ್ಟೆ, ಬದಲಿಗೆ ದಸರಾ ರಜೆ ಪೂರ್ತಿ, ಬೇಸಿಗೆ ರಜೆ ಅರ್ಧ ತೆಗೆದುಕೊಂಡೆ. ವಾಟ್ಸಾಪಲ್ಲಿ ಒಪ್ಪಿದ್ದು ಸಾಕಾಗಲ್ಲ, ಇಬ್ಬರೂ ಸಹಿ ಹಾಕಿ ಜಂಟಿ ಮೆಮೊ ಕೊಟ್ಟು ಆದೇಶದಲ್ಲಿ ಬರೆಸಿಕೊಳ್ಳಿ.

ಹುತ್ತರಿಗೆ, ಅಂದರೆ ನಮ್ಮ ಕೊಡಗಿನ ಸುಗ್ಗಿ ಹಬ್ಬಕ್ಕೆ ಮಾತ್ರ ಮಗಳು ನಮ್ಮ ಮನೆಯಲ್ಲೇ ಇರಬೇಕು, ಗದ್ದೆಯಿಂದ ಹೊಸ ಭತ್ತದ ಕದಿರು ತೆಗೆಯೋಕೆ. ವಕೀಲರು ತಾರೀಕು ಹೇಳಿ ಅಂದರು. ಅವರು ಬಯಲುಸೀಮೆಯವರು, ಪಾಪ. ಕಕ್ಕಬ್ಬೆಯ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಪ್ರತಿ ವರ್ಷ ದಿನ ಗೊತ್ತು ಮಾಡುತ್ತಾರೆ, ಅದು ನಮಗೂ ಮುಂಚೆ ಗೊತ್ತಿರಲ್ಲ. ಹಾಗಾಗಿ ‘ಆಯಾ ವರ್ಷ ಗೊತ್ತಾದ ಹುತ್ತರಿ ದಿನ ಮತ್ತು ಮರುದಿನ’ ಅಂತ ಬರೆಸಿದೆ. ನಿಮ್ಮ ಅರ್ಜಿಯಲ್ಲೂ ಹಬ್ಬಕ್ಕೆ ತಾರೀಕು ಹಾಕಬೇಡಿ, ಹೆಸರು ಹಾಕಿ.