1/72 ಯು-552: ಹಲ್‌ನ ಫ್ಲಡ್ ಸ್ಲಾಟ್, ವೆಲ್ಡ್ ಲೈನ್ ಸರಿಯಾಗಿ ತರೋದು ಹೇಗೆ?

ಪ್ರಶ್ನೆ

ನಮಸ್ಕಾರ ಎಲ್ರಿಗೂ. 1/72 ಸ್ಕೇಲ್‌ನ ಪ್ಲಾಸ್ಟಿಕ್ ಕಿಟ್‌ನಲ್ಲಿ ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್ ಯು-552 ಕಟ್ತಾ ಇದೀನಿ, ಟೈಪ್ 7ಸಿ ಅನ್ನೋ ಮಾದರಿ, 1941ರ ಅಕ್ಟೋಬರ್ ಕೊನೇಲಿ ಅಮೆರಿಕದ ರೂಬೆನ್ ಜೇಮ್ಸ್ ಡಿಸ್ಟ್ರಾಯರ್‌ನ ಮುಳುಗಿಸಿದಾಗ ಹೇಗಿತ್ತೋ ಹಾಗೆ. ಹಲ್ (ಬೋಟ್‌ನ ಒಡಲು) ಆಕಾರದಲ್ಲಿ ತಕರಾರಿಲ್ಲ, 67.1 ಮೀಟರ್ ಅಂದ್ರೆ ಮಾಡೆಲ್ ಸುಮಾರು 93 ಸೆಂ.ಮೀ. ಬರ್ಬೇಕು, ಬರ್ತಿದೆ. ಆದ್ರೆ ಡೆಕ್ ಕೆಳಗೆ ನೀರು ಒಳಗೆ ನುಗ್ಗೋಕೆ ಇರೋ ಫ್ಲಡ್ ಸ್ಲಾಟ್‌ಗಳು ತೂತೇ ಆಗಿಲ್ಲ ಬರೀ ತಗ್ಗು, ಉಕ್ಕಿನ ತಗಡುಗಳು ವೆಲ್ಡ್ ಆಗಿ ಸೇರೋ ಪ್ಲೇಟ್ ಲೈನ್‌ಗಳು ನೋಡಿದ್ರೆ ಕಾಲುವೆ ತೋಡಿದ ಹಾಗಿದೆ. ಜರ್ಮನಿಯ ಲಾಬೋ ಮ್ಯೂಸಿಯಂನಲ್ಲಿರೋ ಇನ್ನೊಂದು ಸಬ್‌ಮರೀನ್ ಯು-995ರ ಫೋಟೋ ಬೇಕಾದಷ್ಟು ಸಿಗುತ್ತೆ, ಅದನ್ನ ನೋಡ್ಕೊಂಡು ಕೊರೆದ್ರೆ ನಡೆಯುತ್ತಾ?

ಉತ್ತರ 1

ಸ್ಲಾಟ್‌ಗೆ ಮಾತ್ರ ಅದನ್ನ ನಂಬ್ಬೇಡಿ. ಎರಡೂ ಹ್ಯಾಂಬರ್ಗ್‌ನ ಬ್ಲೋಮ್ ಉಂಡ್ ಫಾಸ್ ಯಾರ್ಡ್‌ದೇ ನಿಜ, ಆದ್ರೆ 552 ಸರ್ವಿಸ್‌ಗೆ ಬಂದಿದ್ದು 1940ರ ಡಿಸೆಂಬರ್, 995 ಬಂದಿದ್ದು 1943ರ ಸೆಪ್ಟೆಂಬರ್, ಅದೂ 7ಸಿ/41, ಅಂದ್ರೆ 7ಸಿಯ ಆಮೇಲಿನ ರೂಪ. ಯುದ್ಧ ಆದ್ಮೇಲೆ ನಾರ್ವೆ ನೌಕಾಪಡೆಯಲ್ಲಿ ಕೌರಾ ಅನ್ನೋ ಹೆಸರಲ್ಲಿ ಓಡಾಡಿ, ಆಮೇಲೆ ರಿಸ್ಟೋರ್ ಆಗಿ 1972ರಲ್ಲಿ ಮ್ಯೂಸಿಯಂ ಆಗಿದ್ದು. ಸ್ಲಾಟ್ ಪ್ಯಾಟರ್ನ್ ಯಾರ್ಡ್‌ನಿಂದ ಯಾರ್ಡ್‌ಗೆ ಬೇರೆ, ಒಂದೇ ಯಾರ್ಡ್‌ನಲ್ಲೂ ವರ್ಷ ಹೋದಂಗೆ ಬದಲಾಗಿದೆ. 552ರದ್ದೇ ಫೋಟೋ ಹುಡುಕಿ, ಸಿಗದಿದ್ರೆ ಅದೇ ಯಾರ್ಡ್‌ನ ಹತ್ತಿರದ ನಂಬರ್‌ದು. ಫೋಟೋ ಮೇಲೆ ಸ್ಕೇಲ್ ಇಟ್ಟು ಅಳೀಬೇಡಿ, ಓರೆಯಾಗಿ ತೆಗೆದಿರ್ತಾರೆ, ಟವರ್‌ನ ಮುಂದಿನ ಅಂಚಿನಿಂದ ಡೆಕ್ ಗನ್‌ವರೆಗೆ ಎಷ್ಟು ಸ್ಲಾಟ್ ಅಂತ ಎಣಿಸಿ. ಎಡಗಡೆ ನೋಡಿ ಬಲಗಡೆನೂ ಹಂಗೇ ಅಂತ ಕೊರೀಬೇಡಿ, ಅದಕ್ಕೂ ಫೋಟೋ ಬೇಕು.

995 ನಿಜಕ್ಕೂ ಉಪಯೋಗಕ್ಕೆ ಬರೋದು ನೀರಿನ ಕೆಳಗಿನ ಭಾಗಕ್ಕೆ. ಬೋಟ್ ನೆಲದ ಮೇಲೆ ನಿಂತಿದೆಯಲ್ಲ, ಎರಡು ರಡ್ಡರ್, ಪ್ರೊಪೆಲ್ಲರ್ ಶಾಫ್ಟ್ ಹಿಡಿಯೋ ಬ್ರಾಕೆಟ್, ಬೋಟ್‌ನ ಮೇಲೆ ಕೆಳಗೆ ತಿರುಗಿಸೋ ಹೈಡ್ರೋಪ್ಲೇನ್ ಇವೆಲ್ಲ ಯುದ್ಧಕಾಲದ ಫೋಟೋಗಳಲ್ಲಿ ಕಾಣೋದೇ ಅಪರೂಪ.

ಉತ್ತರ 2

ಕೊರೆಯೋದಕ್ಕಿಂತ ಮುಂಚೆ ದಪ್ಪ ನೋಡಿ, ಹೆಚ್ಚಿನವರು ಇದನ್ನೇ ಬಿಟ್ಟುಬಿಡ್ತಾರೆ. ಪ್ಲಾಸ್ಟಿಕ್ 2 ಮಿ.ಮೀ. ಇದ್ರೆ ನಿಜವಾದ ಬೋಟ್‌ನಲ್ಲಿ ಅದು 144 ಮಿ.ಮೀ. ದಪ್ಪದ ಉಕ್ಕು! ನೀರಿನ ಒತ್ತಡ ತಡೆಯೋ 7ಸಿಯ ಒಳಗಿನ ಪ್ರೆಶರ್ ಹಲ್ಲೇ 18.5 ಮಿ.ಮೀ., ಹೊರಗಿನ ಕೇಸಿಂಗ್ ಅದಕ್ಕಿಂತ ತೆಳು. ಹಾಗಾಗಿ ಸ್ಲಾಟ್ ಸಾಲಿನ ಹಿಂದೆ ಒಳಗಿನಿಂದ ಮೋಟಾರ್ ಟೂಲ್‌ನಲ್ಲಿ ನಿಧಾನಕ್ಕೆ ಸವೆಸಿ, ಸ್ಪೀಡ್ ಜಾಸ್ತಿ ಮಾಡಿದ್ರೆ ಪ್ಲಾಸ್ಟಿಕ್ ಕರಗುತ್ತೆ, ಲೈಟ್‌ಗೆ ಹಿಡಿದಾಗ ಬೆಳಕು ಹಾಯೋ ತನಕ ಸವೆಸಿ, ಆಮೇಲೆ ಪ್ರತಿ ಸ್ಲಾಟ್‌ನ ಎರಡು ತುದಿಗೂ ಸಣ್ಣ ಡ್ರಿಲ್ ಹಾಕಿ ಮಧ್ಯೆ ಚಾಕುವಿನಿಂದ ಕತ್ತರಿಸಿ ಫೈಲ್ ಮಾಡಿ. ತುದಿ ದುಂಡಗಿದೆಯೋ ಚೌಕವೋ ಅಂತ ಫೋಟೋದಲ್ಲಿ ನೋಡ್ಕೊಳ್ಳಿ.

ಪ್ರಶ್ನೆ ಕೇಳಿದವರು

144 ಮಿ.ಮೀ. ಲೆಕ್ಕ ನನಗೆ ಹೊಳೆದೇ ಇರ್ಲಿಲ್ಲ, ಥ್ಯಾಂಕ್ಸ್. ತೂತು ಮಾಡಿದ್ಮೇಲೆ ಒಳಗೆ ಖಾಲಿ ಕಾಣುತ್ತಲ್ಲ, ಕಪ್ಪು ಬಣ್ಣ ಸಾಕಾ? ವೆಲ್ಡ್ ಲೈನ್ ಬಗ್ಗೆನೂ ಯಾರಾದ್ರೂ ಹೇಳಿ.

ಉತ್ತರ 3

ಕಪ್ಪು ಸಾಕಾಗಲ್ಲ, ಒಂದು ಕಡೆಯಿಂದ ನೋಡಿದ್ರೆ ಆ ಕಡೆ ಸ್ಲಾಟ್‌ನ ಬೆಳಕು ಕಾಣುತ್ತೆ. ಡೆಕ್‌ಗೂ ಪ್ರೆಶರ್ ಹಲ್‌ಗೂ ನಡುವಿನ ಜಾಗಕ್ಕೆ ನೀರು ನುಗ್ಗಿ ಗಾಳಿ ಹೊರಗೆ ಹೋಗ್ಲಿ ಅಂತಾನೇ ಈ ಸ್ಲಾಟ್ ಇಟ್ಟಿರೋದು, ಅಂದ್ಮೇಲೆ ಅಲ್ಲಿ ಪ್ರೆಶರ್ ಹಲ್‌ನ ಬೆನ್ನು ಕಾಣ್ಬೇಕು. ತೆಳು ಪ್ಲಾಸ್ಟಿಕ್ ಶೀಟ್ ಬಗ್ಗಿಸಿ ಕಡು ಬೂದು ಹೊಡೆದು ಒಳಗೆ ಕೂರಿಸಿ.

ವೆಲ್ಡ್ ವಿಷ್ಯಕ್ಕೆ ಬಂದ್ರೆ, ಕಿಟ್‌ನ ಆಳದ ಗೆರೆಗಳನ್ನ ಪುಟ್ಟಿ ಹಾಕಿ ಮುಚ್ಚಿಬಿಡಿ, ವೆಲ್ಡ್ ಅಂದ್ರೆ ಉಬ್ಬು, ತಗ್ಗಲ್ಲ. 3 ಮಿ.ಮೀ. ಉಬ್ಬು ಈ ಸ್ಕೇಲ್‌ನಲ್ಲಿ 0.04 ಮಿ.ಮೀ. ಅಷ್ಟೇ. ಎರಡು ಟೇಪ್ ಒತ್ತೊತ್ತಾಗಿ ಅಂಟಿಸಿ ನಡುವೆ ದಪ್ಪ ಪ್ರೈಮರ್ ಬಳಿದು, ಒಣಗೋಕ್ಮುಂಚೆನೇ ಟೇಪ್ ಕಿತ್ತು, ಒಣಗಿದ್ಮೇಲೆ ಲೈಟಾಗಿ ಉಜ್ಜಿ. ಕೈಗೆ ತಗುಲಬೇಕು ಅಂತೇನಿಲ್ಲ, ಪೇಂಟ್ ಆದ್ಮೇಲೆ ಓರೆ ಬೆಳಕಲ್ಲಿ ಕಂಡ್ರೆ ಆಯ್ತು. ಪುಟ್ಟಿ ಹಾಕೋ ಮೊದ್ಲು ಗೆರೆಗಳ ಜಾಗ ಎಲ್ಲೆಲ್ಲಿ ಅಂತ ಟೇಪ್ ಮೇಲೆ ಗುರುತು ಮಾಡಿ ಡ್ರಾಯಿಂಗ್ ಜೊತೆ ಹೋಲಿಸಿ ನೋಡಿ, ಕಿಟ್ ಗೆರೆ ಇರೋ ಕಡೆಯೆಲ್ಲ ವೆಲ್ಡ್ ಇರುತ್ತೆ ಅಂತಲ್ಲ.