ಆಸ್ಪತ್ರೆ ಆ್ಯಪ್: ರೋಗಿ ಕಳಿಸಿದ ಮೆಸೇಜ್ ನೋಡುವವರು ಯಾರು?

ಪ್ರಶ್ನೆ: ನಮಸ್ಕಾರ ಮೇಡಂ. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ನರ್ಸಿಂಗ್ ಹೋಂನಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಈಗ ರೋಗಿಗಳೆಲ್ಲ ಸಿಸ್ಟರ್‌ಗಳ ಸ್ವಂತ ವಾಟ್ಸಾಪ್‌ಗೇ ಫೋಟೊ, ರಿಪೋರ್ಟ್ ಕಳಿಸುತ್ತಾರೆ. ಡ್ಯೂಟಿ ಮುಗಿದು ಮನೆಗೆ ಹೋದರೂ ಅವರಿಗೆ ಬಿಡುವಿಲ್ಲ. ನಮ್ಮದೇ ಒಂದು ಆ್ಯಪ್ ಮಾಡಿಸೋಣ ಅಂತ ಡಾಕ್ಟ್ರು ಹೇಳಿದ್ದಾರೆ. ಚಾಟ್, ವಿಡಿಯೊ ಕಾಲ್, ಬಿಲ್ಲು, ಲ್ಯಾಬ್ ರಿಪೋರ್ಟ್ ಎಲ್ಲ ಇರಬೇಕಂತೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಶಿವಮೊಗ್ಗದಲ್ಲಿ ಆಸ್ಪತ್ರೆ ಸಾಫ್ಟ್‌ವೇರ್ ವಿನ್ಯಾಸ ಮಾಡುವವರು): ನಮಸ್ಕಾರ. ಬಿಲ್ಲು, ವಿಡಿಯೊ ಎಲ್ಲ ಆಮೇಲಾಯಿತು. ಮೊದಲು ಒಂದು ವಿಷಯ ತೀರ್ಮಾನವಾಗಲಿ. ರೋಗಿ ಮೆಸೇಜ್ ಕಳಿಸಿದರೆ ಅದನ್ನು ಯಾರು ನೋಡುತ್ತಾರೆ, ಎಷ್ಟು ಹೊತ್ತಿನೊಳಗೆ ನೋಡುತ್ತಾರೆ?

ಹೊಸನಗರದ ಹಳ್ಳಿಯೊಂದರಿಂದ ರಾತ್ರಿ ಒಂಬತ್ತಕ್ಕೆ ಒಬ್ಬರು ಹೊಲಿಗೆ ಹಾಕಿದ ಗಾಯದ ಫೋಟೊ ಕಳಿಸಿದರು ಅಂತಿಟ್ಟುಕೊಳ್ಳಿ. "ಕೆಂಪಗಾಗಿದೆ, ಕೀವು ಬಂದ ಹಾಗಿದೆ" ಅಂತ ಕೆಳಗೆ ಬರೆದಿದ್ದಾರೆ. ಹಗಲು ಪಾಳಿಯ ಸಿಸ್ಟರ್ ಮನೆಗೆ ಹೋಗಿ ಆಗಿದೆ. ರಾತ್ರಿ ಪಾಳಿಯವರಿಗೆ ಇದು ಗೊತ್ತೇ ಇಲ್ಲ. ರೋಗಿ ಮಾತ್ರ ಆಸ್ಪತ್ರೆಗೆ ತಿಳಿಸಿದ್ದೇನಲ್ಲ ಅಂತ ಬೆಳಗಿನವರೆಗೆ ಕಾಯುತ್ತಾರೆ. ಹೀಗಾಗುವುದಾದರೆ ಆ್ಯಪ್ ಇಲ್ಲದಿರುವುದೇ ವಾಸಿ. ಆಗ ಅವರು ಗಾಡಿ ಮಾಡಿಕೊಂಡಾದರೂ ಬರುತ್ತಿದ್ದರು.

ಅದಕ್ಕೇ ಮೆಸೇಜ್ ಒಬ್ಬ ಸಿಸ್ಟರ್ ಹೆಸರಿಗೆ ಹೋಗಬಾರದು, ಆ ಹೊತ್ತಿನ ಡ್ಯೂಟಿ ಟೇಬಲ್‌ಗೆ ಹೋಗಬೇಕು. ಪಾಳಿ ಬದಲಾಗುವಾಗ ಉತ್ತರ ಕೊಡದೆ ಉಳಿದವು ಮುಂದಿನವರ ಕಣ್ಣಿಗೆ ಮೊದಲು ಬೀಳಬೇಕು. ಇಂತಿಷ್ಟು ಹೊತ್ತಿನೊಳಗೆ ಯಾರೂ ತೆರೆಯದಿದ್ದರೆ ಡ್ಯೂಟಿ ಡಾಕ್ಟ್ರ ಫೋನ್ ರಿಂಗಾಗಬೇಕು. ಆ ಹೊತ್ತು ಎಷ್ಟು ಅನ್ನುವುದನ್ನು ಡಾಕ್ಟ್ರು, ಸಿಸ್ಟರ್‌ಗಳು ಕೂತು ನಿರ್ಧರಿಸಲಿ, ನೀವಲ್ಲ. ರಾತ್ರಿ ನೋಡುವವರೇ ಇಲ್ಲವಾದರೆ ಅದನ್ನೂ ಬರೆಯುವ ಜಾಗದ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿ. ಉಸಿರಾಟದ ತೊಂದರೆ, ಎದೆನೋವು, ರಕ್ತಸ್ರಾವ ಇಂಥದ್ದಕ್ಕೆ ಚಾಟ್ ಬೇಡವೇ ಬೇಡ. ಒತ್ತಿದರೆ ನೇರ 108ಕ್ಕೆ ಕರೆ ಹೋಗುವ ಬಟನ್ ಇರಲಿ.

ಪ್ರಶ್ನೆ: ನಮ್ಮ ಕಡೆ ನೆಟ್‌ವರ್ಕ್ ಕಥೆ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಯಿತು. ಸಿಗ್ನಲ್‌ಗೆ ಗುಡ್ಡ ಹತ್ತುವ ಊರುಗಳಿವೆ. ಏನು ಮಾಡುವುದು?

ಉತ್ತರ: ನೆಟ್‌ವರ್ಕ್ ಇರುವುದಿಲ್ಲ ಅಂತಲೇ ಅಂದುಕೊಂಡು ಮಾಡಿ. ಬರೆದದ್ದು, ತೆಗೆದ ಫೋಟೊ ಫೋನಿನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ತಾನಾಗಿ ಹೋಗಬೇಕು. ಫೋಟೊ ಚಿಕ್ಕದಾಗಲಿ, ಆದರೆ ಗಾಯದ ಬಣ್ಣ ಸರಿಯಾಗಿ ಕಾಣುವಷ್ಟು ಇರಲಿ. ಮೆಸೇಜ್ ಪಕ್ಕ ಬರೀ ಟಿಕ್ ಗುರುತು ಸಾಲದು, ಮಾತಿನಲ್ಲೇ ಬರೆಯಿರಿ: "ಇನ್ನೂ ಹೋಗಿಲ್ಲ", "ಆಸ್ಪತ್ರೆಗೆ ತಲುಪಿದೆ", "ಸಿಸ್ಟರ್ ನೋಡಿದ್ದಾರೆ". ತಲುಪುವುದು ಬೇರೆ, ನೋಡುವುದು ಬೇರೆ. ಹಾಗೇ, ನಾಳೆ ಬನ್ನಿ, ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂಬಂಥ ಸಣ್ಣ ಸೂಚನೆ ಎಸ್ಸೆಮ್ಮೆಸ್‌ನಲ್ಲೂ ಹೋಗಲಿ. ಕೀಪ್ಯಾಡ್ ಫೋನ್ ಇರುವವರೂ ನಿಮ್ಮ ರೋಗಿಗಳೇ ಅಲ್ವಾ? ಓದಲು ಕಷ್ಟ ಅನ್ನುವವರು ಮಾತಾಡಿ ಕಳಿಸಲು ಮೈಕ್ ಬಟನ್ ಇಡಿ.

ಇನ್ನೊಂದು ವಿಷಯವನ್ನು ಜಾಸ್ತಿ ಜನ ಯೋಚಿಸುವುದೇ ಇಲ್ಲ. ಫೋನ್ ಯಾರದ್ದು? ಎಷ್ಟೋ ಸಲ ಅಮ್ಮನ ಚೀಟಿಯಲ್ಲಿರುವ ನಂಬರ್ ಬೆಂಗಳೂರಿನಲ್ಲಿರುವ ಮಗನದು. ಇಲ್ಲವಾದರೆ ಮನೆಗೆಲ್ಲ ಒಂದೇ ಫೋನ್, ಅದು ಮಕ್ಕಳ ಕೈಯಲ್ಲಿ. ಸೊಸೆಯ ಮುಟ್ಟಿನ ತೊಂದರೆಯೋ, ಯಾರದೋ ಟಿಬಿ ರಿಪೋರ್ಟೋ ಲಾಕ್ ಸ್ಕ್ರೀನ್ ಮೇಲೆ ಬಂದು ಕೂತರೆ ಅವರು ಇನ್ನೊಮ್ಮೆ ಏನನ್ನೂ ಹೇಳಿಕೊಳ್ಳುವುದಿಲ್ಲ. ಹೊರಗೆ "ಆಸ್ಪತ್ರೆಯಿಂದ ಮೆಸೇಜ್ ಇದೆ" ಅಂತಷ್ಟೇ ಕಾಣಲಿ. ಒಂದೇ ಫೋನಿನಲ್ಲಿ ಒಬ್ಬೊಬ್ಬರಿಗೂ ಬೇರೆ ಪಿನ್ ಇರಲಿ. ಗಾಯದ ಫೋಟೊ ಗ್ಯಾಲರಿಗೆ ಬೀಳದಿರಲಿ. ಮಗನಿಗೆ ಏನೇನು ಕಾಣಬೇಕು ಅಂತ ಅಮ್ಮನನ್ನೇ ಕೇಳಿ.

ಗುಂಪಿನ ಇನ್ನೊಬ್ಬ ಸದಸ್ಯರು: ಸಿಸ್ಟರ್‌ಗಳಿಗೆ ಕೆಲಸ ಕಡಿಮೆಯಾಗಲಿ ಅಂತ ಚಾಟ್‌ಬಾಟ್ ಹಾಕಬಹುದಾ? ಜ್ವರ ಅಂದರೆ ಮಾತ್ರೆ ಹೆಸರು ಹೇಳಿದರೆ ಸಾಕು.

ಉತ್ತರ: ಬೇಡ ಸರ್, ದಯವಿಟ್ಟು. ಎಐ ನೇರವಾಗಿ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ ಅಂತ 2020ರ ಟೆಲಿಮೆಡಿಸಿನ್ (ಫೋನ್, ನೆಟ್ ಮೂಲಕ ಚಿಕಿತ್ಸೆ) ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿದೆ. ಡಾಕ್ಟ್ರಿಗೆ ನೆರವಾಗಬಹುದು, ಅಷ್ಟೇ. ನಮ್ಮ ಜಿಲ್ಲೆಯಲ್ಲಂತೂ ಜ್ವರವನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗೇ ಇಲ್ಲ. ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಆಗ ಯಾರಾದರೂ ಜ್ವರ ಅಂತ ಬರೆದರೆ ಆ್ಯಪ್ ಕೇಳಬೇಕಾದದ್ದು ಇಷ್ಟೇ: ಈಚೆಗೆ ಕಾಡಿಗೆ, ಸೊಪ್ಪಿಗೆ, ದರಗಿಗೆ (ಒಣಗಿದ ಎಲೆ ತರಲು) ಹೋಗಿದ್ರಾ? ಉಣುಗು ಕಚ್ಚಿತ್ತಾ? ಹತ್ತಿರದಲ್ಲಿ ಮಂಗ ಸತ್ತಿತ್ತಾ? ತುಂಬಾ ತಲೆನೋವು, ಮೈಕೈ ನೋವು ಇದೆಯಾ? ಒಂದಕ್ಕೆ ಹೌದು ಅಂದರೂ ಆ ಮೆಸೇಜ್ ಪಟ್ಟಿಯ ಮೇಲಕ್ಕೆ ಬರಲಿ. ಮುಂದಿನದು ಡಾಕ್ಟ್ರ ಕೆಲಸ.

ಪ್ರಶ್ನೆ: ತುಂಬಾ ಉಪಕಾರವಾಯಿತು ಮೇಡಂ. ರೋಗಿಯ ಮಾಹಿತಿ ಆ್ಯಪ್‌ನಲ್ಲಿ ಇಟ್ಟುಕೊಳ್ಳಲು ಪಡೆಯುವ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಸಾಕಾ?

ಉತ್ತರ: ಸಾಲದು. ಅದನ್ನು ಕನ್ನಡದಲ್ಲೂ ಓದುವ ಆಯ್ಕೆ ಕೊಡಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲೇ ಇದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು. ಕನ್ನಡದಲ್ಲಿ ಬರೆದ ಮೇಲೆ ಓಪಿಡಿಯಲ್ಲಿ ಕೂತ ನಾಲ್ಕು ಜನರಿಗೆ ಓದಿ ಹೇಳಿ, ಏನು ಅರ್ಥವಾಯಿತು ಅಂತ ಕೇಳಿ. ಅವರು ತಡವರಿಸಿದ ಸಾಲನ್ನು ತಿದ್ದಿ ಇಲ್ಲಿ ಹಾಕಿ, ನಾನೂ ನೋಡುತ್ತೇನೆ.