ಹಿಚ್ 900 ಕೆಜಿ ಎಳೆಯುತ್ತದೆ, ಹಾಗಾದರೆ 100 ಕೆಜಿ ಹೊರುವುದಿಲ್ಲವಾ?

ಕೇಳಿದವರು, ಕದ್ರಿ:
ನಮ್ಮದು ಸೆಕೆಂಡ್ ಹ್ಯಾಂಡ್ ಎಸ್‌ಯುವಿ. ಹಿಂದಿನವರು ಹಾಕಿಸಿದ ಹಿಚ್ ಉಂಟು, ಅಂದರೆ ಟ್ರೈಲರ್ ಎಳೆಯಲು ಗಾಡಿಯ ಹಿಂದೆ ಕೂರಿಸುವ ಕೊಂಡಿ, ಚೌಕ ತೂತಿನದ್ದು. ಪ್ಲೇಟ್‌ನಲ್ಲಿ 900 ಕೆಜಿ ಎಂದಿದೆ. ಭಾವ ಅಮೆರಿಕದಿಂದ ಬರುವಾಗ ಆ ತೂತಿಗೆ ಸಿಕ್ಕಿಸಿ ಸಾಮಾನು ಇಡುವ ಕ್ಯಾರಿಯರ್ ತಂದುಕೊಟ್ಟರು. ಅದರ ದಂಡ ತೂತಿಗಿಂತ ದಪ್ಪ. ಅಡಾಪ್ಟರ್ ಹಾಕಿದರೆ ಸಾಕಾ? ಸಕಲೇಶಪುರಕ್ಕೆ, ತಂಗಿ ಮನೆಗೆ, 50 ಕೆಜಿಯ ಎರಡು ಮೂಟೆ ಕುಚ್ಚಲಕ್ಕಿ ಒಯ್ಯಬೇಕು. ಮುಂದೆ ಮುಲ್ಕಿಗೆ ಕಯಾಕ್ ಒಯ್ಯಲು ಸಣ್ಣ ಟ್ರೈಲರ್ ಮಾಡುವ ಆಸೆಯೂ ಉಂಟು.

ಮಲ್ಪೆಯಿಂದ:
ದಯವಿಟ್ಟು ಎರಡು ಮೂಟೆ ಹೇರಬೇಡಿ ಸಾರ್. ಆ 900 ಎಳೆಯುವ ಲೆಕ್ಕ, ಹೊರುವ ಲೆಕ್ಕ ಅಲ್ಲ. ಟ್ರೈಲರ್‌ನ ಭಾರ ಬಹುಪಾಲು ಅದರ ಚಕ್ರದ ಮೇಲಿರುತ್ತದೆ. ಅದರ ಮೂತಿಯ, ಅಂದರೆ ಗಾಡಿಗೆ ಸಿಕ್ಕಿಸುವ ಮುಂದಿನ ತುದಿಯ ಭಾರ ಮಾತ್ರ ಹಿಚ್‌ಗೆ ಬರುತ್ತದೆ. ಕ್ಯಾರಿಯರ್‌ಗೆ ಚಕ್ರವೇ ಇಲ್ಲ, ಪೂರ್ತಿ ಭಾರ ಹಿಚ್ ಮೇಲೆ.

ತೂತಿನ ಒಳಗಡೆ ಅಳೆದು ನೋಡಿ. 32 ಮಿಮೀ, ಅಂದರೆ ಒಂದೂಕಾಲು ಇಂಚು ಬಂದರೆ, 900 ಕೆಜಿಯ ಜೊತೆ ಸೇರಿಸಿದಾಗ ಅದು ಅಮೆರಿಕದವರು ತಾಕತ್ತಿನ ಲೆಕ್ಕದಲ್ಲಿ ಹಿಚ್ ವಿಂಗಡಿಸಿದ್ದರಲ್ಲಿ ಕ್ಲಾಸ್ 1. ಅದಕ್ಕೆ ಮೂತಿಭಾರ ಸುಮಾರು 90 ಕೆಜಿ ಮಾತ್ರ. ನಿಮ್ಮ ಕ್ಯಾರಿಯರ್ 2 ಇಂಚಿನದ್ದಿರಬೇಕು, ಅದು ಸಾಮಾನ್ಯವಾಗಿ ಕ್ಲಾಸ್ 3ರ ಅಳತೆ. ಕಬ್ಬಿಣದ್ದಾದರೆ ಕ್ಯಾರಿಯರೇ 20-25 ಕೆಜಿ ತೂಗೀತು. ಎರಡು ಮೂಟೆ ಸೇರಿದರೆ 125ರ ಹತ್ತಿರ ಹೋಯಿತು.

ಅಡಾಪ್ಟರ್ ಹಾಕಿದರೆ ದಂಡ ಕೂರುತ್ತದೆ, ಹಿಚ್‌ನ ತಾಕತ್ತು ಹೆಚ್ಚುವುದಿಲ್ಲ. ಭಾರ ಇನ್ನೂ ಹಿಂದಕ್ಕೆ ಸರಿಯುವುದರಿಂದ ಜಗ್ಗುವುದು ಜಾಸ್ತಿ. ತುಂಬಿದ ಕೊಡವನ್ನು ಸೊಂಟದಲ್ಲಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸ! ಅಡಾಪ್ಟರ್ ಮೇಲೆ ಬರೆದ ಭಾರವನ್ನೂ ನೋಡಿ. ಹಿಚ್, ಅಡಾಪ್ಟರ್, ಕ್ಯಾರಿಯರ್, ಗಾಡಿಯ ಕಂಪನಿ ಹೇಳಿದ ಮಿತಿ, ಇಷ್ಟರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಶಿರಾಡಿ ಘಾಟಿಯ ತಿರುವು, ಹೊಂಡ ನೆನೆದರೆ ನಾನಂತೂ ಆ ಮಿತಿಯವರೆಗೂ ಹೋಗುವುದಿಲ್ಲ. ಮೂಟೆಯನ್ನು ಗಾಡಿಯೊಳಗೆ, ಸೀಟಿನ ಹತ್ತಿರಕ್ಕೆ ಇಡಿ. ಹಗುರ ಬ್ಯಾಗುಗಳನ್ನು ಕ್ಯಾರಿಯರ್‌ಗೆ ಹಾಕಿ.

ಸುರತ್ಕಲ್‌ನಿಂದ:
ಟ್ರೈಲರ್ ವಿಷಯ ನಾನು ಹೇಳುತ್ತೇನೆ, ನನಗೆ ಆಗಿದ್ದು ನಿಮಗೆ ಆಗಬಾರದು. ಟ್ರೈಲರ್ ಸಿಕ್ಕಿಸುವ ಗುಂಡು, ಅಂದರೆ ಬಾಲ್, 50 ಮಿಮೀಯದ್ದೂ ಉಂಟು, 2 ಇಂಚಿನದ್ದೂ ಉಂಟು. 2 ಇಂಚು ಅಂದರೆ 50.8 ಮಿಮೀ. ಕಣ್ಣಿಗೆ ಎರಡೂ ಒಂದೇ. ನನ್ನ ಗಾಡಿಗೆ 50ರ ಬಾಲ್ ಇತ್ತು, ಕೊಂಡ ಟ್ರೈಲರ್‌ನ ಕಪ್ಲರ್, ಅಂದರೆ ಬಾಲ್ ಮೇಲೆ ಟೋಪಿಯಂತೆ ಕೂರುವ ಭಾಗ, 2 ಇಂಚಿನದ್ದು. ಲಾಕ್ ಬಿತ್ತು, ಸರಿಯಾಯಿತು ಅಂದುಕೊಂಡೆ. ಹೊಂಡಕ್ಕೆ ಇಳಿದಾಗಲೆಲ್ಲ ಟಕ್ ಟಕ್ ಸದ್ದು. ಪಡುಬಿದ್ರಿ ಹತ್ತಿರ ಇಳಿದು ಅಲ್ಲಾಡಿಸಿದರೆ ಕಪ್ಲರ್ ಬಾಲ್ ಮೇಲೆ ಸಡಿಲವಾಗಿ ಕುಣಿಯುತ್ತಿತ್ತು. ಹಿಂದೆ ಬೈಕಿನವರು ಇದ್ದರು, ನೆನೆದರೆ ಈಗಲೂ ಕೈ ನಡುಗುತ್ತದೆ. ಬಾಲ್‌ನ ತಲೆ ಮೇಲೆ, ಕಪ್ಲರ್ ಮೇಲೆ ಅಳತೆ ಒತ್ತಿರುತ್ತಾರೆ. ಅಳಿಸಿದ್ದರೆ ಬಾಲ್‌ಗೆ ದಪ್ಪ ಅಳೆಯುವ ವರ್ನಿಯರ್ ಹಿಡಿಸಿ.

ಸಾಮಾನು ಪೂರ್ತಿ ಹಿಂದೆ ಹೇರಿದರೆ ಟ್ರೈಲರ್ ಬಾಲ ಬೀಸುತ್ತದೆ. ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಮೂತಿಯಲ್ಲಿರಲಿ. 300 ಕೆಜಿಯ ಟ್ರೈಲರ್‌ಗೆ 30ರಿಂದ 45 ಕೆಜಿ. ಅದನ್ನು ತೂಗಲು ಮನೆಯಲ್ಲಿ ನಾವು ತೂಕ ನೋಡುವ ಮೆಷಿನ್ ಸಾಕು. ಕೆಳಗೆ ಕಲ್ಲೋ ಮರವೋ ಇಟ್ಟು, ಮೂತಿ ಬಾಲ್‌ನ ಎತ್ತರಕ್ಕೇ ಬರುವಂತೆ ಮೆಷಿನ್ ಮೇಲೆ ಇಡಿ. ಸೇಫ್ಟಿ ಚೈನ್ ಎರಡನ್ನೂ ಮೂತಿಯ ಅಡಿಯಲ್ಲಿ ಅಡ್ಡಡ್ಡ ಕಟ್ಟಿ.

ಅಂಬಲಪಾಡಿಯಿಂದ:
ಕ್ಯಾರಿಯರ್ ಹಾಕಿದ ಮೇಲೆ ನಂಬರ್ ಪ್ಲೇಟ್, ಬ್ರೇಕ್ ಲೈಟ್ ಕಾಣುತ್ತದಾ ಅಂತ ಹಿಂದೆ ನಿಂತು ನೋಡಿ. ಟ್ರೈಲರ್ ಕೂಡ ಕಾನೂನಿನ ಪ್ರಕಾರ ಮೋಟಾರು ವಾಹನವೇ, ಬೇರೆ ರಿಜಿಸ್ಟ್ರೇಷನ್ ಬೇಕು. ಮಾಡಿಸುವ ಮೊದಲೇ ಆರ್‌ಟಿಒದಲ್ಲಿ ಕೇಳಿ.

ಮಲ್ಪೆಯಿಂದ, ಮತ್ತೊಮ್ಮೆ:
ಉಪ್ಪುನೀರು ಮರೆತೆ. ಅಳಿವೆ ನೀರಿಗೆ ಟ್ರೈಲರ್ ಇಳಿಸಿದ ದಿನವೇ ಸಿಹಿನೀರಲ್ಲಿ ತೊಳೆಯಿರಿ. ಹಿಚ್‌ನ ತೂತಿನಲ್ಲಿ ದಂಡ ಹಿಡಿದಿಡುವ ಪಿನ್ ತೆಗೆದು ಗ್ರೀಸ್ ಹಚ್ಚಿ. ಮಳೆಗಾಲ ಪೂರ್ತಿ ಹಾಗೇ ಬಿಟ್ಟರೆ ಸುತ್ತಿಗೆಯಲ್ಲಿ ಹೊಡೆದರೂ ಬರುವುದಿಲ್ಲ.

ಕೇಳಿದವರು:
ಅಳೆದೆ, ಸರಿಯಾಗಿ 32 ಮಿಮೀ. ಕ್ಯಾರಿಯರ್ ತೂಗಿದರೆ 23 ಕೆಜಿ. ಮೂಟೆ ಎರಡೂ ಒಳಗೆ, ಹಿಂದಿನ ಸೀಟು ಮಡಚಿ ಇಡುತ್ತೇವೆ. ಮಕ್ಕಳು ಅಜ್ಜಿಯ ಜೊತೆ ಬಸ್ಸಿನಲ್ಲಿ ಬರಲಿ. ಟ್ರೈಲರ್ ನೋಡಲು ಹೋಗುವಾಗ ವರ್ನಿಯರ್ ತೆಗೆದುಕೊಂಡೇ ಹೋಗುತ್ತೇನೆ.